ಕೆಂಪು ಬ್ರೇಕು ಮತ್ತು ಕಾರಹುಣ್ಣಿಮೆಯ ಕೋಡು



ಮೂವತ್ತನಾಲ್ಕು ವರ್ಷ ಹಳಗನ್ನಡ, ಹೊಸಗನ್ನಡ ಎಂದು ಬೋಧಿಸಿದ ಮಾಸ್ತರನಿಗೂ ಮೋಟಾರು ಗಾಡಿಯ ಬ್ರೇಕಿಗೂ ಎಲ್ಲಿಯ ನಂಟು ಎಂದು ಈ ಬರಹದ ತಲೆಬರಹ ನೋಡಿ ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಬೇಡವೆನ್ನಲಾರೆ. ನನಗೆ ಇಂದಿಗೂ ಕಾರು ನಡೆಸಲು ಬಾರದು. ಆದರೂ ಕಳೆದ ದೀಪಾವಳಿಯ ರಜೆಯಲ್ಲಿ ಚಿಮ್ಮಡದ ನಮ್ಮ ಮನೆಯ ಅಂಗಳದಲ್ಲಿ ನಡೆದ ಒಂದು ಸಣ್ಣ ಕೆಲಸವು ನನ್ನ ಒಂದು ಹಳೆಯ ಅಭಿಪ್ರಾಯವನ್ನು ಬದಲಿಸಿತು. ಐವತ್ತು ವರ್ಷಗಳ ಹಿಂದೆ ಹೇಳಬೇಕಾಗಿದ್ದು ಹೇಳದೆ ಉಳಿದಿದ್ದ ಒಂದು ಮಾತನ್ನೂ ಹೊರಗೆ ತಂದಿತು. ಆದ್ದರಿಂದ ಬರೆಯುತ್ತಿದ್ದೇನೆ.

ಮಗಳ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಹಬ್ಬಕ್ಕೆಂದು ನಾಲ್ಕು ದಿನಗಳ ರಜೆ ಹಾಕಿ ತನ್ನ ಸಣ್ಣ ಕಾರಿನಲ್ಲಿ ಬಂದಿದ್ದ. ಲಕ್ಷ್ಮೀಪೂಜೆ ಮುಗಿದ ಮರುದಿನ ಬೆಳಿಗ್ಗೆ ಒಂದು ಕೈಚೀಲದಿಂದ ಕೆಂಪು ಬಣ್ಣದ ಡಬ್ಬಿ, ಎರಡು ಬ್ರಶ್ಶು, ಕಾಗದದ ಟೇಪು, ಪಾಲಿಶ್ ಪೇಪರು, ತಂತಿಯ ಬ್ರಶ್ಶು, ಕೈಗವಸು ಎಲ್ಲವನ್ನೂ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟ.

"ಏನೋ ಇದು? ಮನಿಗೆ ಸುಣ್ಣಾ ಹಚ್ಚಾಂವೇನು?" ಎಂದೆ.

"ಅಲ್ಲ ಅಜ್ಜಾ, ಕಾರಿನ ಬ್ರೇಕ್ ಕ್ಯಾಲಿಪರಿಗೆ ಕೆಂಪ ಬಣ್ಣಾ ಹಚ್ಚತೀನಿ. ಗಾಲಿ ಒಳಗಿಂದ ಕಾಣಸತೈತಿ, ಮಸ್ತ್ ಕಾಣತೈತಿ."

ನನಗೆ ಸಿಟ್ಟೇ ಬಂದಿತು. ಬ್ರೇಕು ಇರುವುದು ಗಾಡಿ ನಿಲ್ಲಿಸಲು, ಮೆರವಣಿಗೆ ಮಾಡಲು ಅಲ್ಲ. ಕೆಂಪು ಹಚ್ಚಿದ ಮಾತ್ರಕ್ಕೆ ಗಾಡಿ ಒಂದು ಗೇಣಾದರೂ ಮೊದಲು ನಿಲ್ಲುತ್ತದೆಯೇ? ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದರೇ? ಹೀಗೆಲ್ಲ ಅಂದೆ. ಹುಡುಗ ನಕ್ಕನೇ ಹೊರತು ಕೆಲಸ ಬಿಡಲಿಲ್ಲ. ನಮ್ಮ ಮನೆಯವರು ಒಳಗಿನಿಂದಲೇ, "ಅವಂದು ಗಾಡಿ, ಅವಂದು ರೊಕ್ಕ. ನಿಮಗ್ಯಾಕ ಬೇಕು?" ಎಂದರು. ನಾನು ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕುಳಿತೆ. ಮಾಸ್ತರನಾದವನು ಸಿಟ್ಟಿದ್ದರೂ ನೋಡುವುದನ್ನು ಬಿಡಲಾರ.

ಕ್ಯಾಲಿಪರ್ ಎಂದರೇನು ಎಂಬುದನ್ನು ಅರಿಯದವರಿಗಾಗಿ ಸೈಕಲ್ಲಿನ ಉದಾಹರಣೆ ಕೊಡುತ್ತೇನೆ. ಸೈಕಲ್ಲಿನ ಬ್ರೇಕು ಹಿಡಿದಾಗ ಎರಡು ರಬ್ಬರಿನ ತುಂಡುಗಳು ಗಾಲಿಯ ಅಂಚನ್ನು ಅದುಮುತ್ತವೆಯಲ್ಲವೇ? ಕಾರಿನಲ್ಲಿ ಗಾಲಿಯ ಅಂಚಿನ ಬದಲು ಗಾಲಿಯ ಹಿಂದೆ ಅದರೊಡನೆಯೇ ತಿರುಗುವ ಒಂದು ಕಬ್ಬಿಣದ ತಟ್ಟೆಯಿರುತ್ತದೆ. ಅದೇ ಡಿಸ್ಕು. ಅದನ್ನು ಎರಡೂ ಕಡೆಯಿಂದ ಹಿಡಿಯುವ ಇಕ್ಕಳದಂಥ ಎರಕದ ಕಬ್ಬಿಣದ ಗಟ್ಟಿಯೇ ಕ್ಯಾಲಿಪರ್. ಅದರೊಳಗೆ ಎರಡು ಪ್ಯಾಡುಗಳಿರುತ್ತವೆ. ನಾವು ಕಾಲಿನಿಂದ ಒತ್ತಿದಾಗ ಬ್ರೇಕ್ ಆಯಿಲ್ಲಿನ ಒತ್ತಡಕ್ಕೆ ಒಳಗಿನ ಪಿಸ್ಟನ್ನು ಮುಂದೆ ಸರಿದು ಒಳಗಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಪ್ರತಿಯೊತ್ತಿಗೆ ಇಡೀ ಕ್ಯಾಲಿಪರು ಎರಡು ಸಣ್ಣ ಪಿನ್ನುಗಳ ಮೇಲೆ ಜಾರಿ ಹೊರಗಡೆಯ ಪ್ಯಾಡನ್ನೂ ಎಳೆದು ತಂದು ಒತ್ತುತ್ತದೆ. ಈ ಜಾರುವ ಪಿನ್ನುಗಳ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ. ನಮ್ಮ ದೇಶದ ಬಹುತೇಕ ಸಣ್ಣ ಕಾರುಗಳಲ್ಲಿ ಇಂಥ ಡಿಸ್ಕು ಮುಂದಿನ ಎರಡು ಗಾಲಿಗಳಿಗೆ ಮಾತ್ರ. ಹಿಂದಿನವುಗಳಿಗೆ ಹಳೆಯ ಪದ್ಧತಿಯ ಡ್ರಮ್ಮು.

ಇದರ ಚರಿತ್ರೆಯೂ ಸ್ವಾರಸ್ಯಕರ. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕನ್ನು ರೂಪಿಸಿದ್ದೂ ಅದೇ ವರ್ಷ. ಅನಂತರ ಅರ್ಧ ಶತಮಾನ ಡ್ರಮ್ಮಿನದೇ ರಾಜ್ಯಭಾರ. 1953ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಜಗತ್ತು ಇತ್ತ ತಿರುಗಿತು. ಇನ್ನು ಬಣ್ಣದ ಶೋಕಿ ಬಂದದ್ದು ಪಂದ್ಯದ ಕಾರುಗಳಿಂದ ಹಾಗೂ ದುಬಾರಿ ಕಾರುಗಳಿಂದ. ಇಟಲಿಯ ಬೆರ್ಗಾಮೊ ಪಟ್ಟಣದ ಬಳಿ 1961ರಲ್ಲಿ ಆರಂಭವಾದ ಬ್ರೆಂಬೊ ಕಂಪನಿಯ ಕೆಂಪು ಕ್ಯಾಲಿಪರುಗಳು ಹೆಸರಾದವು. ಪೋರ್ಷೆ ಕಾರಿನಲ್ಲಿ ಹಳದಿ ಕ್ಯಾಲಿಪರು ಕಂಡರೆ ಅದು ಸೆರಾಮಿಕ್ ಡಿಸ್ಕಿನ ಗುರುತು. ಅಂದರೆ ಅಲ್ಲಿ ಬಣ್ಣಕ್ಕೆ ಅರ್ಥವಿದೆ. ನಮ್ಮ ಹುಡುಗನ ಸಣ್ಣ ಕಾರಿನಲ್ಲಿ ಯಾವ ಅರ್ಥ? ಇದು ನನ್ನ ಆಕ್ಷೇಪಣೆಯಾಗಿತ್ತು.

ಅದಕ್ಕೆ ಅವನು ಕೊಟ್ಟ ಉತ್ತರ ತಕ್ಕಮಟ್ಟಿಗೆ ಸರಿಯಾಗಿತ್ತು. ಕ್ಯಾಲಿಪರು ಎರಕದ ಕಬ್ಬಿಣ. ಕೊಲ್ಹಾಪುರ, ಬೆಳಗಾವಿಗಳ ಎರಕದ ಕಾರ್ಖಾನೆಗಳನ್ನು ಕಂಡ ನಮ್ಮ ಕಡೆಯವರಿಗೆ ಈ ಲೋಹದ ಗುಣ ಹೊಸದಲ್ಲ. ಬರಿ ಮೈಯಲ್ಲಿ ಬಿಟ್ಟರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸಣ್ಣ ಕಾರುಗಳಲ್ಲಿ ಇದಕ್ಕೆ ಇರುವ ಲೇಪನ ಬಹಳ ತೆಳುವಾದದ್ದು. ಆದುದರಿಂದ ಬಣ್ಣವು ಕೇವಲ ಶೃಂಗಾರವಲ್ಲ, ಅಂಗಿಯೂ ಹೌದು. ಈ ಮಾತನ್ನು ಒಪ್ಪಿದೆ. ಆದರೆ ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಅವನ ವಾದವಲ್ಲ, ಅವನ ಕೆಲಸ.

ಕೆಲಸ ನೋಡುತ್ತ ಕುಳಿತವನಿಗೆ ಕಾರಹುಣ್ಣಿಮೆ ನೆನಪಾಯಿತು. ನಿಮ್ಮಲ್ಲಿ ಒಕ್ಕಲುತನದ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂದಿನ ದಿನ ಹೊನ್ನುಗ್ಗಿ. ಮರುದಿನ ಎತ್ತುಗಳ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಸಂಜೆ ಕರಿ ಹರಿಯುವ ಗದ್ದಲ. ಊರಿಗೆ ಕಾಣುವುದು ಬಣ್ಣ. ಆದರೆ ನನ್ನ ತಂದೆ ಬಣ್ಣದ ಬಟ್ಟಲು ಮುಟ್ಟುವ ಮೊದಲು ಏನೇನು ಮಾಡುತ್ತಿದ್ದರು ಎಂದು ಹೇಳುತ್ತೇನೆ ಕೇಳಿ. ಎತ್ತುಗಳನ್ನು ಹಳ್ಳಕ್ಕೆ ಒಯ್ದು ತಿಕ್ಕಿ ತೊಳೆಯುತ್ತಿದ್ದರು. ಕೋಡಿನ ಮೇಲಿನ ಸಿಪ್ಪೆಯನ್ನು ಹೆರೆದು ನಯ ಮಾಡುತ್ತಿದ್ದರು. ಹೆರೆಯುವಾಗ ಕೋಡಿನ ಬುಡದಲ್ಲಿ ಬಿರುಕಿದೆಯೇ, ಹುಳ ಬಿದ್ದಿದೆಯೇ ಎಂದು ಬೆರಳಾಡಿಸುತ್ತಿದ್ದರು. ಕಾಲೆತ್ತಿ ಗೊರಸು ನೋಡುತ್ತಿದ್ದರು. ನೊಗ ಕೂರುವ ಹೆಗಲಿನ ಮೇಲೆ ಅಂಗೈ ಒತ್ತಿ, ಎತ್ತು ಮೈ ಜಗ್ಗಿದರೆ ಅಲ್ಲಿ ನೋವಿದೆಯೆಂದು ತಿಳಿಯುತ್ತಿದ್ದರು. ಮುಂಗಾರು ಬಿತ್ತನೆಯ ಹೊತ್ತಿಗೆ ಬರುವ ಹಬ್ಬವದು. ಮುಂದಿನ ನಾಲ್ಕು ತಿಂಗಳು ಆ ಹೆಗಲಿನ ಮೇಲೆಯೇ ಮನೆತನ ನಿಂತಿರುತ್ತಿತ್ತು. ಬಣ್ಣ ಹಚ್ಚುವ ನೆಪದಲ್ಲಿ ವರ್ಷಕ್ಕೊಮ್ಮೆಯಾದರೂ ಎತ್ತನ್ನು ಅಡಿಯಿಂದ ಮುಡಿಯವರೆಗೆ ನೋಡಿಬಿಡಲಿ ಎಂಬುದೇ ಆ ಹಬ್ಬದ ಒಳಹೂರಣವೆಂದು ನನಗೆ ಈಗ ತೋರುತ್ತದೆ.

ಮೊಮ್ಮಗನ ಕೆಲಸವೂ ಹಾಗೆಯೇ ಸಾಗಿತು. ಬಣ್ಣದ ಡಬ್ಬಿಯ ಮುಚ್ಚಳ ತೆರೆಯುವುದಕ್ಕೆ ಅವನಿಗೆ ಎರಡು ದಿನ ಹಿಡಿಯಿತು!

ಮೊದಲು ಗಾಡಿಯನ್ನು ಸಮತಟ್ಟಾದ ಹಾಸುಗಲ್ಲಿನ ಮೇಲೆ ನಿಲ್ಲಿಸಿದ. ನಮ್ಮದು ಎರೆಭೂಮಿ. ಹಸಿ ಮಣ್ಣಿನಲ್ಲಿ ಜಾಕು ಕುಸಿಯುತ್ತದೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ಗಾಲಿಯ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಪಾನಾ ಹಾಕಿ ಸಡಿಲಿಸಿ ಆಮೇಲೆ ಜಾಕು ಎತ್ತಿದ. ಎತ್ತಿದ ಮೇಲೆ ಗ್ಯಾರೇಜಿನಿಂದ ಕಡ ತಂದಿದ್ದ ಕಬ್ಬಿಣದ ಸ್ಟ್ಯಾಂಡನ್ನು ಕೆಳಗೆ ಕೊಟ್ಟ. ಜಾಕು ಇರುವುದು ಎತ್ತಲಿಕ್ಕೆ, ಹೊರಲಿಕ್ಕೆ ಅಲ್ಲ. ಇಟ್ಟಿಗೆಯ ಮೇಲೆ ಗಾಡಿ ನಿಲ್ಲಿಸುವ ನಮ್ಮ ಹಳ್ಳಿಯ ರೂಢಿಯನ್ನಂತೂ ಯಾರೂ ಮಾಡಬೇಡಿರಿ. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ.

ಗಾಲಿ ತೆಗೆದಾಗ ಕಂಡದ್ದು ಕ್ಯಾಲಿಪರಲ್ಲ, ಮಣ್ಣಿನ ಹೆಂಟೆ. ಅದನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ಬ್ರೇಕ್ ತೊಳೆಯಲೆಂದೇ ಸಿಗುವ ದ್ರಾವಣ ಸಿಂಪಡಿಸಿ, ಒದ್ದೆ ಅರಿವೆಯಿಂದ ಒರೆಸಿದ. ಬಾಯಿಂದ ಊದಿ ಧೂಳು ಹಾರಿಸಲು ನಾನು ಬಾಗಿದೆ. ಅವನು ಕೈ ಅಡ್ಡ ಹಿಡಿದ. ಹಳೆಯ ಕಾಲದ ಪ್ಯಾಡುಗಳಲ್ಲಿ ಅಸ್ಬೆಸ್ಟಾಸ್ ಇರುತ್ತಿತ್ತಂತೆ. ಈಗಿನ ಪ್ಯಾಡಿನ ಧೂಳೂ ಎದೆಗೆ ಒಳ್ಳೆಯದಲ್ಲವಂತೆ. ಡೀಸೆಲ್ಲಿನಿಂದ ತೊಳೆದರಾಗದೇ ಎಂದು ಕೇಳಿದೆ. ಆಗದು ಎಂದ. ಡೀಸೆಲ್, ಪೆಟ್ರೋಲು ತಗುಲಿದರೆ ಬ್ರೇಕಿನ ರಬ್ಬರು ಉಬ್ಬಿ ಕೆಡುತ್ತದೆ. ಆಮೇಲೆ ತುಕ್ಕಿನ ಮೇಲೆ ಪಾಲಿಶ್ ಪೇಪರು. ಮತ್ತೆ ತೊಳೆಯುವುದು. ಮತ್ತೆ ಒಣಗಿಸುವುದು. ಜಿಡ್ಡಿನ ಮೇಲೆ ಬಣ್ಣ ನಿಲ್ಲದು, ತುಕ್ಕಿನ ಮೇಲೆ ಹಚ್ಚಿದರೆ ತುಕ್ಕಿನೊಡನೆಯೇ ಉದುರುತ್ತದೆ. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಇದ್ದಿಲು ಅರೆದು, ಎಲೆಯ ರಸದಲ್ಲಿ ಕಲಸಿ ನಾವು ಕರಿಹಲಗೆಗೆ ಹಚ್ಚುತ್ತಿದ್ದೆವಲ್ಲ, ನೆನಪಿದೆಯೇ? ಹಲಗೆಯನ್ನು ಮೊದಲು ಒದ್ದೆ ಅರಿವೆಯಿಂದ ತಿಕ್ಕದೆ ಸುಣ್ಣದ ಕಡ್ಡಿಯ ಪುಡಿಯ ಮೇಲೆಯೇ ಮಸಿ ಬಳಿದ ವಾರ, ಸೋಮವಾರ ಬರೆದ ಅಕ್ಷರಗಳೊಡನೆ ಮಸಿಯೂ ಎದ್ದು ಬರುತ್ತಿತ್ತು. ವಿದ್ಯೆ ಒಂದೇ.

ಆಮೇಲೆ ಟೇಪು ಹಚ್ಚುವ ಕೆಲಸ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದೆಂದು ನಾನು ತಿಳಿದಿದ್ದೇನೆ. ಎಲ್ಲಿ ಬಣ್ಣ ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ ಹಚ್ಚಲೇಬಾರದು ಎಂಬ ಪಟ್ಟಿ ದೊಡ್ಡದು. ಡಿಸ್ಕಿನ ಮೈಗೆ ಹಚ್ಚಬಾರದು. ಪ್ಯಾಡಿಗೆ ಹಚ್ಚಬಾರದು. ಜಾರುವ ಪಿನ್ನಿಗೆ, ಅದರ ರಬ್ಬರಿನ ಟೊಪ್ಪಿಗೆಗೆ, ಪಿಸ್ಟನ್ನಿನ ಸುತ್ತಲಿನ ರಬ್ಬರಿಗೆ ತಾಗಬಾರದು. ಬ್ರೇಕ್ ಆಯಿಲ್ಲಿನ ಗಾಳಿ ತೆಗೆಯುವ ಸಣ್ಣ ನಿಪ್ಪಲ್ಲಿನ ಬಾಯಿ ಮುಚ್ಚಬಾರದು. ಗಾಲಿ ಬಂದು ಕೂರುವ ಚಪ್ಪಟೆ ಮುಖಕ್ಕೂ ಹಚ್ಚಬಾರದು. ಅಲ್ಲಿ ಬಣ್ಣದ ಪದರು ಕುಳಿತರೆ ಅದು ಸವೆದಂತೆ ಗಾಲಿಯ ನಟ್ಟುಗಳು ಸಡಿಲಾಗುತ್ತವೆ.

ಡಿಸ್ಕಿನ ಮೈಗೆ ಏನನ್ನೂ ತಾಗಿಸಬಾರದು ಎಂದು ಅವನು ಹೇಳುತ್ತಿದ್ದಾಗ ನಾನು ಮಾತು ನಿಲ್ಲಿಸಿದೆ. ನನಗೆ 1976ರ ಖಂಡೇಪೂಜೆಯ ದಿನ ಎದುರಿಗೆ ಬಂದು ನಿಂತಿತು.

ನಾನು ಆಗ ನೌಕರಿಗೆ ಸೇರಿ ಎರಡು ವರ್ಷ. ಸಂಬಳದ ಹಣದಲ್ಲಿ ಕೊಂಡ ಸೈಕಲ್ಲು ನನ್ನ ಏಕೈಕ ಐಶ್ವರ್ಯ. ಪೂಜೆಗೆಂದು ಅದನ್ನು ತೊಳೆದು, ಥಳಥಳ ಹೊಳೆಯಲೆಂದು ಚೌಕಟ್ಟು, ಹಿಡಿಕೆ, ಕೊನೆಗೆ ಗಾಲಿಯ ಉಕ್ಕಿನ ಅಂಚಿಗೂ ಕೊಬ್ಬರಿ ಎಣ್ಣೆ ಸವರಿ ಒರೆಸಿದೆ. ಹೂಮಾಲೆ ಹಾಕಿ, ಲಿಂಬೆಹಣ್ಣು ಕಟ್ಟಿದೆ. ಊರಿನವರು ಹೊಗಳಿದರು. ಹಬ್ಬ ಕಳೆದು ಶಾಲೆಗೆ ಹೊರಟಾಗ, ದಾರಿಯಲ್ಲಿ ನಡೆದು ಹೋಗುತ್ತಿದ್ದ ಐದನೆಯ ತರಗತಿಯ ಹುಡುಗನೊಬ್ಬನನ್ನು ಪ್ರೀತಿಯಿಂದ ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡೆ. ಹಳ್ಳದ ಇಳಿಜಾರಿನಲ್ಲಿ ಎದುರಿಗೆ ಚಕ್ಕಡಿ ಬಂದಿತು. ಬ್ರೇಕು ಹಿಡಿದೆ. ಎಣ್ಣೆಯ ಅಂಚಿನ ಮೇಲೆ ರಬ್ಬರು ಜಾರಿತು. ಇಬ್ಬರೂ ಹಳ್ಳದ ಕಲ್ಲುಗಳ ಮೇಲೆ ಬಿದ್ದೆವು. ನನಗೆ ತರಚುಗಾಯ. ಹುಡುಗನ ಬಲಗೈ ಮುರಿಯಿತು.

ಅಂದು ಸಂಜೆ ಅವರ ಮನೆಗೆ ಹೋಗಿ, "ದಾರಿಯಲ್ಲಿ ಕಲ್ಲು ಅಡ್ಡ ಬಂತು" ಎಂದು ಹೇಳಿದೆ. ಅವನ ತಾಯಿ, "ಇರಲಿ ಬಿಡ್ರಿ ಸರ್, ನಿಮಗ ಹೆಚ್ಚ ಪೆಟ್ಟ ಆಗಿಲ್ಲಲ್ಲ" ಎಂದು ನನಗೇ ಚಹ ಮಾಡಿಕೊಟ್ಟಳು. ಹುಡುಗ ಆ ವರ್ಷ ಎಡಗೈಯಲ್ಲಿ ಬರೆಯುವುದನ್ನು ಕಲಿತ. ಅವನ ಎಡಗೈಯ ಅಕ್ಷರ ದುಂಡಾಗಿದೆಯೆಂದು ನಾನು ತರಗತಿಯಲ್ಲಿ ಹೊಗಳಿದೆ. ಆದರೆ ಅಡ್ಡ ಬಂದದ್ದು ಕಲ್ಲಲ್ಲ, ನನ್ನ ಶೋಕಿ ಎಂದು ಎಂದೂ ಹೇಳಲಿಲ್ಲ. ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡ ಹಿರಿಯ. ಈ ಬರಹಗಳನ್ನು ಓದುತ್ತಾನೆಂದು ಬಲ್ಲೆ. ತಮ್ಮಾ, ಹೆಸರು ಬರೆಯುವುದಿಲ್ಲ. ತಪ್ಪು ನನ್ನದಾಗಿತ್ತು. ಐವತ್ತು ವರ್ಷ ತಡವಾಗಿ ಒಪ್ಪಿಕೊಳ್ಳುತ್ತಿದ್ದೇನೆ. ಕ್ಷಮಿಸಬೇಕು.

ಈಗ ಅಂಗಳಕ್ಕೆ ಮರಳೋಣ. ಟೇಪು ಹಚ್ಚಲು ಕುಳಿತ ಹುಡುಗ ಎಡಗಾಲಿಯ ಕ್ಯಾಲಿಪರನ್ನು ಕೈಯಿಂದ ಹಿಂದೆ ಮುಂದೆ ಸರಿಸಲು ನೋಡಿದ. ಅದು ಜಪ್ಪಯ್ಯ ಎನ್ನಲಿಲ್ಲ. ಬ್ಯಾಟರಿ ಬಿಟ್ಟು ಒಳಗೆ ನೋಡಿದರೆ ಹೊರಗಡೆಯ ಪ್ಯಾಡು ಸುಮಾರು 7 ಮಿಲಿಮೀಟರು ದಪ್ಪ ಇದೆ, ಒಳಗಡೆಯದು 2 ಮಿಲಿಮೀಟರು ಕೂಡ ಉಳಿದಿಲ್ಲ. ಹೊಸ ಪ್ಯಾಡಿನಲ್ಲಿ ಸುಮಾರು 10 ಮಿಲಿಮೀಟರು ಇರುತ್ತದೆ, 3ಕ್ಕೆ ಬಂದಾಗ ಬದಲಿಸಬೇಕೆಂಬುದು ಸಾಮಾನ್ಯ ಲೆಕ್ಕ. ಬಲಗಾಲಿ ತೆಗೆದು ನೋಡಿದರೆ ಅಲ್ಲಿ ಎರಡೂ ಪ್ಯಾಡು ಸರಿಯಾಗಿದ್ದವು.

ಹುಡುಗನ ಮುಖ ಬಿಳುಪೇರಿತು. ಹಬ್ಬಕ್ಕೆ ಬರುವ ಮೊದಲು ಪುಣೆಯಲ್ಲಿ ಗಾಡಿಯನ್ನು ಸರ್ವೀಸಿಗೆ ಬಿಟ್ಟಿದ್ದ. ಅವರು ಕೊಟ್ಟ ಕಾಗದದಲ್ಲಿ ಬ್ರೇಕು ಎಂಬ ಸಾಲಿನ ಮುಂದೆ ಸರಿಯಿದೆಯೆಂದು ಗುರುತು ಹಾಕಿತ್ತು. ಬಹುಶಃ ಅವರು ಹೊರಗಿನಿಂದ ಕಾಣುವ ಪ್ಯಾಡನ್ನಷ್ಟೇ ನೋಡಿರಬೇಕು.

"ಬ್ರೇಕ್ ಹಿಡಿದಾಗ ಗಾಡಿ ಸ್ವಲ್ಪ ಬಲಕ್ಕ ಎಳೀತಿತ್ತು ಅಜ್ಜಾ. ನಾ ಅಲೈನ್‌ಮೆಂಟ್ ಇರಬೇಕು ಅಂದ್ಕೊಂಡಿದ್ನಿ" ಎಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಹಾಲಿಂಗಪುರದ ಕಡೆ ಗ್ಯಾರೇಜು ನಡೆಸುತ್ತಾನೆ. ಶಾಲೆಯಲ್ಲಿ ವ್ಯಾಕರಣವೆಂದರೆ ಕಿಟಕಿಯ ಹೊರಗೆ ನೋಡುತ್ತಿದ್ದವನು. ಫೋನು ಮಾಡಿದ ಅರ್ಧ ಗಂಟೆಯಲ್ಲಿ ಬಂದ. ಕುಕ್ಕರುಗಾಲಲ್ಲಿ ಕುಳಿತು ಎರಡು ನಿಮಿಷ ನೋಡಿ, "ಸರ್, ಪಿನ್ನ ಜಾಮ್ ಆಗೇತ್ರಿ. ರಬ್ಬರಿನ ಟೊಪಗಿ ಹರದೈತಿ, ಒಳಗ ಎರಿ ಮಣ್ಣ ಹೊಕ್ಕೈತಿ. ಕ್ಯಾಲಿಪರ್ ಜಾರೂದ ಬಿಟ್ಟೈತ್ರಿ. ಒಂದ ಪ್ಯಾಡಿನ ಮ್ಯಾಲ ಗಾಡಿ ನಿಂದರಾಕತ್ತಿತ್ತು" ಎಂದ. ವ್ಯಾಕರಣದಲ್ಲಿ ಕಾರಣ, ಕಾರ್ಯ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ನಾನೂ ಎಂದೂ ಹೇಳಿರಲಿಲ್ಲ.

ಬಿಡಿಭಾಗಗಳು ಮುಧೋಳದಿಂದ ಬರಬೇಕಿತ್ತು, ಮರುದಿನದ ಮಾತು. ಹುಡುಗನ ರಜೆ ಅಂದಿಗೆ ಮುಗಿಯುತ್ತಿತ್ತು. ಮೊದಲು ಅವನು, "ನಿಧಾನಕ ಹೋಗತೀನಿ ಬಿಡ್ರಿ, ಪುಣೇದಾಗ ಮಾಡಸತೀನಿ" ಎಂದ. ಮಿಸ್ತ್ರಿ ಏನೂ ಹೇಳದೆ ನನ್ನ ಮುಖ ನೋಡಿದ. ನಮ್ಮೂರಿನಿಂದ ಪುಣೆಗೆ ಸುಮಾರು ಮುನ್ನೂರು ಕಿಲೋಮೀಟರು. ಸಾತಾರ ದಾಟಿದ ಮೇಲೆ ಖಂಬಾಟ್ಕಿ ಘಾಟಿನ ಇಳಿಜಾರು. ಪುಣೆಯ ಬಾಗಿಲಲ್ಲಿ ನವಲೆ ಸೇತುವೆಯ ಇಳಿಜಾರು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ನಿಯಂತ್ರಣ ತಪ್ಪಿದ ಒಂದು ಭಾರಿ ವಾಹನದಿಂದ ಸುಮಾರು 48 ವಾಹನಗಳು ಒಂದಕ್ಕೊಂದು ಡಿಕ್ಕಿಯಾದುದನ್ನು ಪತ್ರಿಕೆಯಲ್ಲಿ ಓದಿದವರಿಗೆ ಆ ಜಾಗ ನೆನಪಿರಬಹುದು. ನಾನು ತರಗತಿಯಲ್ಲಿ ಬಳಸುತ್ತಿದ್ದ ದನಿಯನ್ನು ಹದಿನೈದು ವರ್ಷಗಳ ಮೇಲೆ ಮತ್ತೆ ಬಳಸಬೇಕಾಯಿತು. ಹುಡುಗ ಕಚೇರಿಗೆ ಫೋನು ಮಾಡಿ ಒಂದು ದಿನ ರಜೆ ಹೆಚ್ಚಿಗೆ ಕೇಳಿದ. ಕೊಟ್ಟರು. ಪ್ರಪಂಚ ಮುಳುಗಲಿಲ್ಲ.

ಮರುದಿನ ಮಿಸ್ತ್ರಿ ಪಿನ್ನುಗಳನ್ನು ಎಳೆದು ತೆಗೆದು, ತುಕ್ಕು ಉಜ್ಜಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸು ಹಚ್ಚಿ, ಹೊಸ ರಬ್ಬರು ಕೂರಿಸಿದ. ಪ್ಯಾಡುಗಳನ್ನು ಎಡಬಲ ಎರಡೂ ಕಡೆ ಬದಲಿಸಿದ. ಒಂದೇ ಕಡೆ ಬದಲಿಸಿದರೆ ಎರಡು ಗಾಲಿಗಳ ಹಿಡಿತ ಸಮನಾಗುವುದಿಲ್ಲ. ಕ್ಯಾಲಿಪರನ್ನು ಬಿಚ್ಚಿದಾಗ ಅದನ್ನು ಬ್ರೇಕಿನ ಪೈಪಿನ ಮೇಲೆ ಜೋತು ಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಿಟ್ಟ. ಮುಗಿದ ಮೇಲೆ, ಗಾಡಿ ಕದಲುವ ಮೊದಲೇ, ಬ್ರೇಕಿನ ಪೆಡಲು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿಸಿದ. ಇದನ್ನು ಮರೆತರೆ ಮೊದಲ ಸಲ ಒತ್ತಿದಾಗ ಕಾಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ಜೋರಾಗಿ ಬ್ರೇಕು ಹಿಡಿಯುವ ಪ್ರಸಂಗ ತಂದುಕೊಳ್ಳಬೇಡವೆಂದೂ ಹೇಳಿದ. ಮಜೂರಿ ಎಷ್ಟೆಂದು ಕೇಳಿದರೆ, "ಸರ್, ನಿಮ್ಮ ಕಡೆ ಏನ ತಗೋಳ್ರಿ" ಎಂದು ಕೈಮುಗಿದ. ನಾನು ಬಿಡಲಿಲ್ಲ. ವಿದ್ಯೆಗೆ ಬೆಲೆ ಕೊಡದ ಗುರು ವಿದ್ಯೆ ಕಲಿಸಲು ಯೋಗ್ಯನಲ್ಲ.

ಇಷ್ಟರಿಂದ ನನಗೆ ಹೇಳಬೇಕೆನಿಸಿದ ಅಭಿಪ್ರಾಯ ಹೀಗಿದೆ.

ಶೋಕಿಗಾಗಿ ಬಣ್ಣ ಹಚ್ಚುವವರನ್ನು ಕಂಡರೆ ನನ್ನಂಥ ಮುದುಕರು ಮೂಗು ಮುರಿಯುತ್ತೇವೆ. ಅದು ಅರ್ಧ ಮಾತ್ರ ಸರಿ. ಆ ಹುಡುಗನಿಗೆ ಬ್ರೇಕು ಪರೀಕ್ಷಿಸು ಎಂದು ನಾನು ಉಪದೇಶ ಮಾಡಿದ್ದರೆ ಅವನು ಸರ್ವೀಸಿನ ಕಾಗದವನ್ನು ಮುಂದೆ ಹಿಡಿಯುತ್ತಿದ್ದ, ನಾನೂ ಸುಮ್ಮನಾಗುತ್ತಿದ್ದೆ. ಅವನನ್ನು ಗಾಲಿಯ ಹಿಂದಕ್ಕೆ ಕರೆದೊಯ್ದದ್ದು ಉಪದೇಶವಲ್ಲ, ಕೆಂಪು ಬಣ್ಣದ ಆಸೆ. ಮನುಷ್ಯನು ಕರ್ತವ್ಯವೆಂದು ನೋಡದೇ ಇರುವುದನ್ನು ಅಂದಕ್ಕಾಗಿ ನೋಡುತ್ತಾನೆ. ನಮ್ಮ ಹಿರಿಯರು ಇದನ್ನು ಬಲ್ಲವರಾದ್ದರಿಂದಲೇ ಎತ್ತಿನ ತಪಾಸಣೆಗೆ ಬಣ್ಣದ ಹಬ್ಬವನ್ನು ಜೋಡಿಸಿದರು. ಆದುದರಿಂದ ಹುಡುಗರು ಬಣ್ಣ ಹಚ್ಚಲಿ. ಮನೆಯಂಗಳದಲ್ಲಿ, ತಮ್ಮ ಕೈಯಾರೆ ಹಚ್ಚಲಿ.

ಆದರೆ ಬಣ್ಣಕ್ಕೆ ಇನ್ನೊಂದು ಗುಣವಿದೆ. ಅದು ಮುಚ್ಚುತ್ತದೆ. ತೊಳೆಯದೆ, ಉಜ್ಜದೆ, ಗಾಲಿಯನ್ನೇ ತೆಗೆಯದೆ ಕಡ್ಡಿಗಳ ಸಂದಿಯಿಂದ ಬ್ರಶ್ಶು ತೂರಿಸಿ ಕೆಂಪು ಮಾಡುವವರೂ ಇದ್ದಾರೆ. ಮೇಲಿನಿಂದ ಬಣ್ಣದ ಪ್ಲಾಸ್ಟಿಕ್ಕಿನ ಹೊದಿಕೆ ಅಂಟಿಸಿಕೊಳ್ಳುವವರೂ ಇದ್ದಾರೆ. ಜೋರಾಗಿ ಬ್ರೇಕು ಹಿಡಿದಾಗ ಕ್ಯಾಲಿಪರು ನೂರು ಡಿಗ್ರಿಗಿಂತ ಮೇಲಕ್ಕೆ ಕಾಯುತ್ತದೆ. ಆ ಶಾಖವು ಗಾಳಿಗೆ ಹೋಗಬೇಕು, ಹೊದಿಕೆಯೊಳಗೆ ಅಲ್ಲ. ಇಂಥ ಬಣ್ಣ ನನ್ನ ಸೈಕಲ್ಲಿನ ಕೊಬ್ಬರಿ ಎಣ್ಣೆಯ ತಮ್ಮ. ಅದಕ್ಕಿಂತ ತುಕ್ಕು ಹಿಡಿದ ಕ್ಯಾಲಿಪರೇ ಮೇಲು. ತುಕ್ಕಾದರೂ ನಿಜ ಹೇಳುತ್ತದೆ.

ಮನೆಯಲ್ಲಿ ಮಾಡುವುದಕ್ಕೂ ಒಂದು ಗೆರೆಯಿರಲಿ. ತೊಳೆಯುವುದು, ಉಜ್ಜುವುದು, ಟೇಪು ಹಚ್ಚುವುದು, ಬಣ್ಣ ಬಳಿಯುವುದು ನಮ್ಮ ಕೆಲಸ. ಬ್ರೇಕ್ ಆಯಿಲ್ಲಿನ ಪೈಪು ಬಿಚ್ಚುವುದು, ನಿಪ್ಪಲ್ಲು ತಿರುವುವುದು ಬಲ್ಲವರ ಕೆಲಸ. ಒಳಗೆ ಗಾಳಿ ಹೊಕ್ಕರೆ ಬ್ರೇಕು ಹಿಡಿಯುವುದಿಲ್ಲ. ಅಂದಹಾಗೆ ಆ ಆಯಿಲ್ಲು ಚೆಲ್ಲಿದರೆ ಬಣ್ಣವನ್ನೂ ತಿನ್ನುತ್ತದೆ, ಕೂಡಲೇ ನೀರಿನಿಂದ ತೊಳೆಯಬೇಕು. ಮಿಸ್ತ್ರಿಯನ್ನು ಕರೆಯಲು ನಾಚಿಕೆ ಬೇಡ. ಕಾಗದದ ಮೇಲಿನ ಗುರುತನ್ನು ನಂಬಿ ಕಣ್ಣು ಮುಚ್ಚುವುದೂ ಬೇಡ. ಮುಂದಿನ ಸಲ ಸರ್ವೀಸಿಗೆ ಬಿಟ್ಟಾಗ, "ಒಳಗಿನ ಪ್ಯಾಡು ಎಷ್ಟು ಉಳಿದಿದೆ, ಪಿನ್ನು ಜಾರುತ್ತದೆಯೇ?" ಎಂದು ಎರಡೇ ಪ್ರಶ್ನೆ ಕೇಳಿರಿ. ಪ್ರಶ್ನೆ ಕೇಳಿದವನನ್ನು ನಾನು ತರಗತಿಯಲ್ಲಿ ಎಂದೂ ಗದರಲಿಲ್ಲ, ನೀವು ಬಲ್ಲಿರಿ.

ಇದೇ ಮಾತು ನಮ್ಮ ಕಬ್ಬಿನ ಟ್ರ್ಯಾಲಿಗಳಿಗೂ ಸಲ್ಲುತ್ತದೆ. ಹಂಗಾಮು ಬಂದಿತೆಂದರೆ ಸಮೀರವಾಡಿಯ ದಾರಿ, ಮುಧೋಳದ ದಾರಿ, ಜಮಖಂಡಿಯ ದಾರಿ ಎಲ್ಲವೂ ಟ್ರ್ಯಾಕ್ಟರುಗಳಿಂದ ತುಂಬುತ್ತವೆ. ಟ್ರ್ಯಾಲಿಯ ಮೈಮೇಲೆ ದೇವರ ಹೆಸರು, ಮಕ್ಕಳ ಹೆಸರು, ಹೂಬಳ್ಳಿ, ನವಿಲು ಎಲ್ಲವನ್ನೂ ಎಷ್ಟು ಚೆಂದ ಬರೆಸಿರುತ್ತೀರಿ! ಹಿಂದೆ ಒಂದು ಕೆಂಪು ದೀಪವಿಲ್ಲ. ನಾನು ಕಂಡ ಎಷ್ಟೋ ಟ್ರ್ಯಾಲಿಗಳಿಗೆ ಸ್ವಂತ ಬ್ರೇಕೂ ಇಲ್ಲ, ಎರಡು ಟ್ರ್ಯಾಲಿಯ ಭಾರವನ್ನು ಟ್ರ್ಯಾಕ್ಟರೊಂದೇ ತಡೆಯಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಟ್ರ್ಯಾಲಿಯುಳ್ಳವರು ಬಹಳ ಮಂದಿ ಇದ್ದೀರಿ. ಮುಂದಿನ ಸಲ ಬಣ್ಣ ಬಳಿಸುವಾಗ ಹಿಂಬದಿಗೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಮೊದಲು ಅಂಟಿಸಿರಿ. ನವಿಲು ಆಮೇಲೆ ಬರಲಿ. ಮಾಸ್ತರ ಕೇಳುವ ಗುರುದಕ್ಷಿಣೆ ಇಷ್ಟೇ.

ಮಿಸ್ತ್ರಿ ಹೋದ ಮೇಲೆ ಸಂಜೆಯ ಬೆಳಕಿನಲ್ಲಿ ಎಡಗಾಲಿಯ ಕ್ಯಾಲಿಪರಿಗೆ ಹುಡುಗ ಬಣ್ಣ ಹಚ್ಚಿದ. ಶಾಖ ತಾಳುವ ಎನಾಮೆಲ್ಲು. ಒಂದೇ ಸಲಕ್ಕೆ ದಪ್ಪ ಬಳಿಯದೆ ತೆಳುವಾಗಿ ಒಂದು ಪದರು, ಅದು ಆರಿದ ಮೇಲೆ ಇನ್ನೊಂದು. ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ನಿಜ ಹೇಳಬೇಕೆಂದರೆ ಚೆಂದವೇ ಕಾಣುತ್ತಿತ್ತು. ಬಲಗಡೆಯದಕ್ಕೆ ಹೊತ್ತು ಉಳಿಯಲಿಲ್ಲ. ಅದರ ತುಕ್ಕು ಇನ್ನೂ ಉಜ್ಜಿರಲಿಲ್ಲ. "ಬೆಳಿಗ್ಗೆ ಲಗು ಎದ್ದು ಹಾಂಗ ಹಚ್ಚಿಬಿಡು, ಎರಡೂ ಕಡೆ ಒಂದ ನಮೂನಿ ಕಾಣಲಿ" ಎಂದು ಅವನನ್ನು ಪರೀಕ್ಷಿಸಲು ನಾನೇ ಹೇಳಿದೆ.

"ಬ್ಯಾಡ ಅಜ್ಜಾ. ಉಜ್ಜಲಾರದ ಹಚ್ಚೂದ ಬ್ಯಾಡ. ಕಾರಹುಣ್ಣಿವಿಗೆ ಬರತೀನಿ, ಆವಾಗ ಮಾಡೂಣು" ಎಂದ.

ಮರುದಿನ ಬಿಸಿಲೇರಿದ ಮೇಲೆ ನಟ್ಟುಗಳನ್ನು ಒಂದರ ಎದುರಿಗೊಂದರಂತೆ ಬಿಗಿದು, ಎಡಗಡೆ ಕೆಂಪು, ಬಲಗಡೆ ಬೋಳು ಕ್ಯಾಲಿಪರಿನ ಗಾಡಿಯಲ್ಲಿ ಹೊರಟ. ನೂರು ಕಿಲೋಮೀಟರು ದಾಟಿದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆನೆಂದು ಫೋನು ಮಾಡಿದ. ರಾತ್ರಿ ಪುಣೆ ಮುಟ್ಟಿದೆನೆಂದು ಇನ್ನೊಂದು ಫೋನು ಬಂದಿತು. ನಮ್ಮ ಮನೆಯವರು ದೇವರ ಮುಂದೆ ದೀಪ ಹಚ್ಚಿದರು. ಉಳಿದ ಬಣ್ಣದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ ಮಾಡದಲ್ಲಿ ಇಟ್ಟಿದ್ದೇನೆ.

ನಿಮ್ಮ ನಿಮ್ಮ ಗಾಡಿಗಳ ಒಳಗಿನ ಪ್ಯಾಡನ್ನು ನೋಡಿಸಿ ನನಗೊಂದು ಪತ್ರ ಬರೆಯಿರಿ. ಎಲ್ಲರಿಗೂ ಒಳ್ಳೆಯದಾಗಲಿ.